ಆಪ್ತಸಮಾಲೋಚನೆ: ಎದುರಿಗಿರುವವರ ಬದುಕನ್ನು ಅವರಿಂದಲೇ ಕೇಳಿ ತಿಳಿಯುವ ಕ್ರಮ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಆಪ್ತಸಮಾಲೋಚಕರ ಮುಂದೆ ಒಂದೇ ದಿನ ತಾಂಡಾದ ಲಂಬಾಣಿ ಮಹಿಳೆ, ತುಂಗಭದ್ರಾ ಕಾಲುವೆ ಬದಿಯ ಕ್ಯಾಂಪಿನ ತೆಲುಗು ರೈತ, ಸಿಂಧನೂರಿನ ಪುನರ್ವಸತಿ ಕ್ಯಾಂಪಿನ ಬಂಗಾಳಿ ಯುವಕ ಬಂದು ಕುಳಿತುಕೊಳ್ಳಬಹುದು. ಅವರವರ ಸಮುದಾಯದ ಬಗ್ಗೆ ಓದಿಕೊಂಡಿದ್ದರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಓದು ಬೇಕು, ಆದರೆ ಎದುರಿಗಿರುವ ವ್ಯಕ್ತಿಯನ್ನು ಕೇಳದೆ ಆಕೆಯ ಜಾತಿ, ಧರ್ಮಗಳಿಂದಲೇ ಉತ್ತರ ಊಹಿಸಿಕೊಳ್ಳಲು ಅದು ನೆಪವಾಗಬಾರದು.

ಮೊದಲ ಭೇಟಿಯಲ್ಲಿ ರೋಗದ ಹೆಸರಿನಿಂದ ಆರಂಭಿಸಬೇಡಿ. "ಏನು ತ್ರಾಸ ಆಗ್ಯಾದರಿ? ಮನ್ಯಾಗ ಇದಕ್ಕ ಏನಂತಾರ? ಯಾತಕ್ಕ ಹಿಂಗಾತು ಅನಸ್ತದ? ಇಲ್ಲಿಗಿಂತ ಮೊದಲ ಎಲ್ಲೆಲ್ಲಿ ತೋರಿಸೀರಿ?" ಎಂಬ ಕ್ರಮದಲ್ಲಿ ಕೇಳಿ. ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ಕೈಪಿಡಿಯಲ್ಲಿ ಕೊಟ್ಟ 16 ಪ್ರಶ್ನೆಗಳ ಸಾಂಸ್ಕೃತಿಕ ಸಂದರ್ಶನದ ತಿರುಳೂ ಹೆಚ್ಚುಕಡಿಮೆ ಇದೇ. ಕೂಲಿಯವರಿಗೆ ಏಕವಚನ, ನೌಕರರಿಗೆ ಬಹುವಚನ ಬಳಸುವ ಕಚೇರಿ ರೂಢಿಯನ್ನು ಬಾಗಿಲ ಹೊರಗೇ ಬಿಡಿ. ತಲೆ ಭಾರ, ಎದೆ ಡವಡವ, ಮೈಯೆಲ್ಲ ಉರಿ ಎಂದವರಿಗೆ "ಇದು ಮನಸ್ಸಿನದು" ಎಂದು ಹೇಳುವ ಮೊದಲು ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಇಂಥವರು ಮೊದಲು ಹೋಗುವುದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಅಲ್ಲಿನ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಹೆಚ್ಚಿನ ಎಚ್ಚರ ಬೇಕಿರುವುದು ಭಾಷೆ ತಿಳಿಯದಾಗ. ಜೊತೆಗೆ ಬಂದ ಗಂಡ, ಅತ್ತೆ ಅಥವಾ ಶಾಲೆಗೆ ಹೋಗುವ ಮಗಳಿಂದ ಮಾತು ಹೇಳಿಸಿದರೆ ಕುಡಿತ, ಹೊಡೆತ, ಸಾಯಬೇಕೆನ್ನಿಸುವ ವಿಚಾರಗಳು ಹೊರಗೆ ಬರುವುದೇ ಇಲ್ಲ, ಬಂದರೂ ಆ ಮಗುವಿನ ಮೇಲೆ ಹೊರಲಾಗದ ಭಾರ ಬೀಳುತ್ತದೆ. ಅದೇ ತಾಂಡಾದ ಆಶಾ ಕಾರ್ಯಕರ್ತೆ ಎಷ್ಟೇ ಒಳ್ಳೆಯವರಾದರೂ ನೆರೆಯವರೇ ಆಗಿರುತ್ತಾರೆ. ಬೇರೆ ಊರಿನವರನ್ನು ಹುಡುಕಿ, ಅವರು ಸಂಬಂಧಿಯಲ್ಲವೆಂದು ಖಚಿತಪಡಿಸಿಕೊಂಡು, ಸಮಾಲೋಚನೆಗೆ ಬಂದವರ ಒಪ್ಪಿಗೆ ಪಡೆದ ಮೇಲೆಯೇ ಕೂರಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ ಎಂಬುದನ್ನು ಅನುವಾದಕರಿಗೂ ತಿಳಿಸಿ. ಸಾರಾಂಶ ಹೇಳದೆ, ಹೇಳಿದ್ದನ್ನು ಹೇಳಿದಂತೆಯೇ ದಾಟಿಸಲು ಅವರಿಗೆ ಸೂಚಿಸಿ, ನೀವು ಮಾತ್ರ ಬಂದವರ ಮುಖ ನೋಡಿಯೇ ಮಾತನಾಡಿ.

ಹುಲಿಗೆಮ್ಮನ ಗುಡಿಗೋ ದರ್ಗಾಕ್ಕೋ ಹೋಗಿ ಬಂದಿದ್ದರೆ ನಗಬೇಡಿ, ತಡೆಯಲೂ ಬೇಡಿ. ಮೈಮೇಲೆ ದೇವರು ಬರುವುದೆಲ್ಲ ಕಾಯಿಲೆಯಲ್ಲ. ಅದು ಜಾತ್ರೆ, ಪೂಜೆಗಳ ಹೊತ್ತಿನಲ್ಲಿ ಮಾತ್ರವೇ, ಹೊಲದಲ್ಲಿ, ಬಸ್ಸಿನಲ್ಲಿಯೂ ಬರುತ್ತದೆಯೇ, ಅದರಿಂದ ಆಕೆಗೆ ಸಂಕಟವಿದೆಯೇ, ದುಡಿಮೆ ನಿಂತಿದೆಯೇ ಎಂದು ವಿಚಾರಿಸಿ. ರಾಜಿಯಾಗಬಾರದ ಸಂಗತಿಗಳೂ ಇವೆ. ಸರಪಳಿ ಹಾಕುವುದು 2017ರ ಅದೇ ಕಾಯ್ದೆಯಂತೆ ನಿಷಿದ್ಧ. ಹೊಡೆತ ಮತ್ತು ದಿಢೀರನೆ ಮಾತ್ರೆ ನಿಲ್ಲಿಸುವುದನ್ನು ಒಪ್ಪಬೇಡಿ. ಮನಸ್ಸಿನ ತೀವ್ರ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ರಾಯಚೂರಿನ ಬೇಸಿಗೆಯಲ್ಲಿ ನೀರಿಲ್ಲದ ಉಪವಾಸ ಅಥವಾ ರೋಜಾ ಹಿಡಿದರೆ ಔಷಧದ ಪ್ರಮಾಣ ರಕ್ತದಲ್ಲಿ ಅಪಾಯದ ಮಟ್ಟಕ್ಕೇರಬಹುದು, ಆದ್ದರಿಂದ ಮೊದಲೇ ವೈದ್ಯರೊಂದಿಗೆ ಮಾತನಾಡಿಸಿ.

ಮಾಜಿ ದೇವದಾಸಿಯರ ಮುಂದೆ ಅರ್ಜಿಯ "ಗಂಡನ ಹೆಸರು" ಎಂಬ ಸಾಲನ್ನು ಖಾಲಿ ಬಿಡಿ. ಎಲ್ಲಮ್ಮನ ಸೇವೆಗೆ ನಿಂತ, ಹೆಣ್ಣಿನ ಉಡುಗೆ ತೊಡುವ ಜೋಗಪ್ಪಗಳನ್ನು ಹೇಗೆ ಕರೆಯಬೇಕೆಂದು ಅವರನ್ನೇ ಕೇಳಿ.

ಗುಳೆ ಹೋಗುವವರಿಗೆ ಮುಂದಿನ ವಾರ ಬನ್ನಿ ಎನ್ನುವುದು ವ್ಯರ್ಥ. ಊರು ಬಿಡುವ, ಮರಳುವ ತಿಂಗಳುಗಳನ್ನು ಕೇಳಿಕೊಂಡು ಭೇಟಿಯನ್ನು ಅದಕ್ಕೆ ಹೊಂದಿಸಿ, ಮಾತ್ರೆಯ ಚೀಟಿಯನ್ನು ಸ್ಪಷ್ಟವಾಗಿ ಬರೆದುಕೊಡಿ. ಬೆಂಗಳೂರಿನ ಶೆಡ್ಡಿನಿಂದಲೂ ಹಗಲಿರುಳೆನ್ನದೆ ಕನ್ನಡದಲ್ಲಿ ಮಾತನಾಡಬಹುದಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416 ಅನ್ನು ಅವರ ಮೊಬೈಲಿನಲ್ಲಿ ನೀವೇ ಉಳಿಸಿಕೊಟ್ಟು ಕಳುಹಿಸಿ.