ನಿಮ್ಮ ಎಮ್ಮೆಲ್ಲೆ ಎಲೆಕ್ಷನ್‌ಗೆ ಎಷ್ಟ್ ರೊಕ್ಕ ಹಾಕ್ಯಾರ? ಒಂದ್ ರೂಪಾಯಿ ಕೊಟ್ಟು ಲೆಕ್ಕ ನೋಡೂದು ಹೆಂಗ

ಎಲೆಕ್ಷನ್ ಮುಗದ್ ಮ್ಯಾಲ ಚಾದಂಗಡ್ಯಾಗ ಕುಂತು "ಅಂವ ಇಪ್ಪತ್ ಕೋಟಿ ಸುರದಾನ, ಇಂವ ಮೂವತ್ ಸುರದಾನ" ಅನ್ನೂ ಮಂದಿ ಬೇಕಾದಷ್ಟ್ ಅದಾರ, ಆದ್ರ ಆ ಕ್ಯಾಂಡಿಡೇಟ್ ತನ್ನ ಸಹಿ ಮಾಡಿ ಕೊಟ್ಟಿರೂ ಖರ್ಚಿನ ಲೆಕ್ಕ ತಗದ್ ನೋಡಿದವ್ರನ್ನ ಹುಡುಕಿದ್ರೂ ಸಿಗೂದಿಲ್ಲ. ಅದನ್ನ ಯಾರ್ ಬೇಕಾದ್ರೂ ನೋಡಬಹುದು, ಪಾರ್ಟಿ ಕಾರ್ಯಕರ್ತ ಆಗಿರಬೇಕಂತಿಲ್ಲ, ವಕೀಲರೂ ಬೇಡ. ನಾ ಬಾಗಲಕೋಟಿ ಲೆಕ್ಕದಾಗ ಹೇಳ್ತೀನಿ, ವಿಜಯಪುರ ಬೆಳಗಾವಿಯವ್ರಿಗೂ ಇದ ರೂಲ್ಸ್.

ಮೊದ್ಲ ಕಾಯ್ದೆ ಸ್ವಲ್ಪ. 1951ರ ಪ್ರಜಾಪ್ರತಿನಿಧಿ ಕಾಯ್ದೆ 77ನೇ ಸೆಕ್ಷನ್ ಪ್ರಕಾರ ನಾಮಿನೇಷನ್ ಹಾಕಿದ ದಿನದಿಂದ ರಿಜಲ್ಟ್ ದಿನದ ತನಕ ಆದ ಖರ್ಚು ಎಲ್ಲಾ ಬರದಿಡಬೇಕು, 78ನೇ ಸೆಕ್ಷನ್ ಪ್ರಕಾರ ರಿಜಲ್ಟ್ ಬಂದ 30 ದಿನದಾಗ ಜಿಲ್ಲಾ ಚುನಾವಣಾಧಿಕಾರಿಗೆ, ಅಂದ್ರ ಡಿಸಿ ಸಾಹೇಬ್ರಿಗೆ ಒಪ್ಪಿಸಬೇಕು. 2022ರ ಜನವರಿಯಿಂದ ನಮ್ಮ ರಾಜ್ಯದಾಗ ಎಮ್ಮೆಲ್ಲೆ ಕ್ಯಾಂಡಿಡೇಟ್‌ಗೆ 40 ಲಕ್ಷ, ಎಂಪಿಗೆ 95 ಲಕ್ಷ ಮಿತಿ. ನಾಮಿನೇಷನ್‌ಕಿಂತ ಮೊದ್ಲ ಆಡ್ಸಿದ ಕ್ರಿಕೆಟ್ ಟೂರ್ನಮೆಂಟು, ಹಾಕ್ಸಿದ ಊಟ ಇದರಾಗ ಬರಂಗಿಲ್ಲ, ಆದ್ರ ಮೊದ್ಲ ಪ್ರಿಂಟ್ ಮಾಡ್ಸಿಟ್ಟ ಬ್ಯಾನರ್ ನಾಮಿನೇಷನ್ ಆದ್ ಮ್ಯಾಲ ಕಟ್ಟಿದ್ರ ಅದು ಬರ್ತೈತಿ.

ಈಗ ಲೆಕ್ಕ ಎಲ್ಲಿ ಸಿಗ್ತೈತಿ ನೋಡ್ರಿ. ಮೊದ್ಲ ಮುಖ್ಯ ಚುನಾವಣಾಧಿಕಾರಿ ವೆಬ್‌ಸೈಟ್‌ನ್ಯಾಗ, ಇಲ್ಲಾಂದ್ರ ಜಿಲ್ಲಾ ವೆಬ್‌ಸೈಟ್‌ನ್ಯಾಗ ಸ್ಕ್ಯಾನ್ ಕಾಪಿ ಹಾಕ್ಯಾರೇನು ನೋಡ್ರಿ. ವಿಜಯಪುರದವ್ರು ಹುಡುಕೂ ಮುಂದ ಬಿಜಾಪುರ ಅಂತ ಟೈಪ್ ಮಾಡ್ರಿ, ಕ್ಷೇತ್ರದ ಹೆಸರು ಇನ್ನೂ ಹಂಗ ಐತಿ, ಮತ್ತ ರಾಜ್ಯ ಕರ್ನಾಟಕ ಅಂತ ಆರಿಸೂದು ಮರೀಬ್ಯಾಡ್ರಿ, ಇಲ್ಲಾಂದ್ರ ಛತ್ತೀಸ್‌ಗಢದ ಬಿಜಾಪುರ ಬಂದ್ ಕುಂದರ್ತೈತಿ. ಆನ್‌ಲೈನ್‌ನ್ಯಾಗ ಸಿಗಲಿಲ್ಲಂದ್ರ ಸೀದಾ ಬಾಗಲಕೋಟಿ ನವನಗರದ ಜಿಲ್ಲಾಡಳಿತ ಭವನಕ್ಕ ಹೋಗಿ ಚುನಾವಣಾ ಶಾಖೆ ಎಲ್ಲೈತಿ ಕೇಳ್ರಿ. ಲೆಕ್ಕ ಬಂದ ಎರಡ್ ದಿನದಾಗ ನೋಟಿಸ್ ಬೋರ್ಡಿಗೆ ಕ್ಯಾಂಡಿಡೇಟ್ ಹೆಸರು, ಲೆಕ್ಕ ಕೊಟ್ಟ ತಾರೀಖು, ಎಲ್ಲಿ ಯಾವಾಗ ನೋಡಬಹುದು ಅಂತ ಹಚ್ಚಬೇಕು ಅನ್ನೂದ್ ರೂಲ್ ಐತಿ.

ಬಿಳಿ ಹಾಳ್ಯಾಗ ಒಂದ್ ಅರ್ಜಿ ಬರೀರಿ. ಕ್ಯಾಂಡಿಡೇಟ್ ಹೆಸರು, ಕ್ಷೇತ್ರ, ಎಲೆಕ್ಷನ್ ವರ್ಷ, ಮತ್ತ "1961ರ ಚುನಾವಣೆ ನಡೆಸುವ ನಿಯಮಗಳ ನಿಯಮ 88ರ ಪ್ರಕಾರ ಲೆಕ್ಕ ಪರಿಶೀಲನೆಗೆ ಅವಕಾಶ ಕೊಡಬೇಕು" ಅನ್ನೂದು, ಇಷ್ಟ ಸಾಕು. ನೋಡಾಕ ಫೀ ಒಂದ್ ರೂಪಾಯಿ! ದೃಢೀಕರಿಸಿದ ಕಾಪಿ ಬೇಕಂದ್ರ ಅದರ ಫೀ ಬ್ಯಾರೆ. ಆ 88 ಅನ್ನೂ ನಂಬರ್ ಬಿಡಬ್ಯಾಡ್ರಿ, ಯಾಕಂದ್ರ ಟೇಬಲ್ ಮ್ಯಾಲಿನವ್ರಿಗೆ ಎಷ್ಟೋ ಸಲ ಈ ರೂಲ್ ಇರೂದ ಗೊತ್ತಿರೂದಿಲ್ಲ, "ಆರ್‌ಟಿಐ ಹಾಕ್ರಿ" ಅಂದ್ ಕಳಿಸ್ತಾರ. ಜಗಳ ಮಾಡಬ್ಯಾಡ್ರಿ, ಅರ್ಜಿ ಆಫೀಸಿನ ಟಪಾಲ್ ವಿಭಾಗದಾಗ ಕೊಟ್ಟು ಸೀಲ್ ಹಾಕ್ಸಿಕೊಂಡ್ ಬರ್ರಿ. ಅಷ್ಟಕ್ಕೂ ಆಗಲಿಲ್ಲಂದ್ರ ಆರ್‌ಟಿಐ ಹಾಕ್ರಿ, 10 ರೂಪಾಯಿ ಫೀ, ನಮ್ಮ ರಾಜ್ಯದಾಗ ಒಂದ್ ಅರ್ಜಿಗೆ ಒಂದ ವಿಷಯ, 150 ಶಬ್ದದ ಒಳಗ, 30 ದಿನದಾಗ ಉತ್ತರ.

ರಿಜಿಸ್ಟರ್ ಕೈಗೆ ಸಿಕ್ತು ಅನ್ರಿ. ಬಿಳಿ ಹಾಳಿ ದಿನದ ಖರ್ಚು, ಗುಲಾಬಿ ಹಾಳಿ ನಗದು, ಹಳದಿ ಹಾಳಿ ಬ್ಯಾಂಕ್. ಎಲ್ಲಾ ಓದಾಕ ಕುಂತ್ರ ತಲಿ ತಿರಗ್ತೈತಿ, ಹಂಗಾಗಿ ನೀವು ಕಣ್ಣಾರೆ ನೋಡಿದ ಒಂದ್ ಕಾರ್ಯಕ್ರಮ ಹಿಡೀರಿ ಸಾಕು. ನಿಮ್ಮೂರಾಗ ಆದ ಸಭಾ ಯಾವ ತಾರೀಖಿಗೆ ಇತ್ತು, ಅವತ್ತಿನ ಪೇಜ್‌ನ್ಯಾಗ ಕುರ್ಚಿ ಎಷ್ಟ್ ಬರದಾರ, ಶಾಮಿಯಾನ, ಮೈಕು, ಚಾ, ಮಂದಿನ್ನ ತಂದ ಟಂಟಂ ಮತ್ತ ಕ್ರೂಸರ್ ಬಾಡಿಗಿ ಎಷ್ಟ್ ಹಾಕ್ಯಾರ ನೋಡ್ರಿ. ಕುರ್ಚಿಗೆ ಇಷ್ಟು, ಒಂದ್ ಕಪ್ ಚಾಕ್ಕ ಇಷ್ಟು ಅಂತ ಡಿಸಿ ಆಫೀಸ್ ಎಲ್ಲಾ ಪಾರ್ಟಿಯವ್ರ ಜೋಡಿ ಮಾತಾಡಿ ಮೊದ್ಲ ರೇಟ್ ಚಾರ್ಟ್ ಮಾಡಿರ್ತೈತಿ, ಅದರ ಕಾಪಿನೂ ಕೇಳ್ರಿ. ರೇಟ್‌ನ್ಯಾಗ ಆಟ ಆಡಾಕ ಬರೂದಿಲ್ಲ, ಆಟ ಇರೂದ ಸಂಖ್ಯಾದಾಗ, ಸಾವಿರ ಕುರ್ಚಿ ಇದ್ದಲ್ಲಿ ಇನ್ನೂರು ಅಂತ ಬರ್ಯೂದು. ನಿಮ್ಮ ಮೊಬೈಲ್‌ನ್ಯಾಗ ಆ ಸಭಾದ ಫೋಟೋ ವಿಡಿಯೋ ಇದ್ರ ಅದ ದೊಡ್ಡ ಸಾಕ್ಷಿ. ಚುನಾವಣಾ ಆಯೋಗದ ತಂಡನೂ ವಿಡಿಯೋ ಮಾಡಿ ನೆರಳು ರಿಜಿಸ್ಟರ್ ಅಂತ ಬ್ಯಾರೆ ಇಟ್ಟಿರ್ತಾರ, ಪ್ರಚಾರದಾಗ ಕಡಿಮಿ ಅಂದ್ರೂ ಮೂರ್ ಸಲ ಕ್ಯಾಂಡಿಡೇಟ್ ಪುಸ್ತಕದ ಜೋಡಿ ಅದನ್ನ ತಾಳೆ ನೋಡ್ತಾರ, ವ್ಯತ್ಯಾಸ ಬಂದಿದ್ರ ನೋಟಿಸ್ ಹೋಗಿರ್ತೈತಿ. ಆ ನೋಟಿಸು, ಅದಕ್ಕ ಕ್ಯಾಂಡಿಡೇಟ್ ಕೊಟ್ಟ ಉತ್ತರ ಓದೂದ ನನಗಂತೂ ರಿಜಿಸ್ಟರ್‌ಕಿಂತ ಮಜಾ ಅನಸ್ತೈತಿ.

ಹಳದಿ ಹಾಳ್ಯಾಗ ಒಂದ್ ನೋಡ್ರಿ. ನಾಮಿನೇಷನ್‌ಗೆ ಒಂದ್ ದಿನ ಮೊದ್ಲರೆ ಎಲೆಕ್ಷನ್ ಸಲುವಾಗಿನ ಬ್ಯಾರೆ ಖಾತೆ ತಗೀಬೇಕು, ಒಬ್ಬ ಮನಷ್ಯಾಗ ಅಥವಾ ಒಂದ್ ಅಂಗಡಿಗೆ ಇಡೀ ಎಲೆಕ್ಷನ್‌ನ್ಯಾಗ 10,000 ರೂಪಾಯಿಕಿಂತ ಹೆಚ್ಚು ನಗದು ಕೊಡಂಗಿಲ್ಲ. ಕರಪತ್ರ ಎತ್ತಿಟ್ಟಿದ್ರ ಕೆಳಗ ಪ್ರಿಂಟರ್, ಪಬ್ಲಿಷರ್ ಹೆಸರು ಐತೇನು ನೋಡ್ರಿ, ಇಲ್ಲದಿದ್ರ 127ಎ ಸೆಕ್ಷನ್ ಪ್ರಕಾರ ತಪ್ಪು.

ಆದ್ರ ಒಂದ್ ಮಾತ್ ಮೊದ್ಲ ತಿಳ್ಕೊಂಡ್ ಹೋಗ್ರಿ, 40 ಲಕ್ಷದ ಮಿತಿ ಕ್ಯಾಂಡಿಡೇಟ್‌ಗೆ ಮಾತ್ರ, ಪಾರ್ಟಿಗೆ ಮಿತಿನ ಇಲ್ಲ. ಸ್ಟಾರ್ ಪ್ರಚಾರಕರ ಹೆಲಿಕಾಪ್ಟರ್ ಖರ್ಚು ಪಾರ್ಟಿ ತಲಿ ಮ್ಯಾಲ, ಕ್ಯಾಂಡಿಡೇಟ್ ಅವ್ರ ಜೋಡಿ ಸ್ಟೇಜ್ ಹತ್ತಿದ್ರ ಇಲ್ಲಾ ಅಲ್ಲಿ ಅವನ ಹೆಸರು, ಫೋಟೋ ಬಂದ್ರ ಆ ಸಭಾದ ಖರ್ಚು ಅವನ ಲೆಕ್ಕಕ್ಕ ಬರ್ತೈತಿ. ಬಾಗಿಲಾ ಹಾಕಿ ಕಿಡಕಿ ತಗದಿಟ್ಟಂಗ ಐತಿ ಇದು. ಎಮ್ಮೆಲ್ಸಿ ಎಲೆಕ್ಷನ್‌ಗಂತೂ ಮಿತಿನೂ ಇಲ್ಲ ಲೆಕ್ಕ ಕೊಡೂದೂ ಇಲ್ಲ, ಪಂಚಾಯ್ತಿ ಮೆಂಬರ್‌ಗಳು ವೋಟ್ ಹಾಕೂ ಎಲೆಕ್ಷನ್‌ನ್ಯಾಗ ಯಾಕ ಅಷ್ಟ್ ಗದ್ಲ ಇರ್ತೈತಿ ಅಂತ ಬಿಡಿಸಿ ಹೇಳೂದ್ ಬೇಡ.

ಪಾರ್ಟಿಗೆ ರೊಕ್ಕ ಯಾರ್ ಕೊಟ್ರು ಅನ್ನೂದಕ್ಕ ಆಯೋಗದ ವೆಬ್‌ಸೈಟ್‌ನ್ಯಾಗ ದೇಣಿಗೆ ವರದಿ ಇರ್ತಾವ, 20,000ಕಿಂತ ಹೆಚ್ಚ್ ಕೊಟ್ಟವ್ರ ಹೆಸರು ಅದರಾಗ ಬರಬೇಕು. ಹೆಸರು ಹೊರಗ ಬರದಂಗ ಪಾರ್ಟಿಗೆ ರೊಕ್ಕ ಕೊಡೂ ಎಲೆಕ್ಟೋರಲ್ ಬಾಂಡ್ ಸ್ಕೀಮನ್ನ ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ಕ್ಕ ರದ್ದ್ ಮಾಡ್ತು, ಮಾರ್ಚ್‌ನ್ಯಾಗ ಖರೀದಿ ಮಾಡಿದವ್ರ ಪಟ್ಟಿ, ಪಾರ್ಟಿಗಳ ಪಟ್ಟಿ, ಎರಡೂ ಕೂಡಿಸಿ ನೋಡೂ ಬಾಂಡ್ ನಂಬರ್ ಎಲ್ಲಾ ಹೊರಗ ಬಂದಾವ. ನಮ್ಮ ಕಡೆ ಫ್ಯಾಕ್ಟರಿ ಮಾಲಕರ ಹೆಸರ್ಲೆ ಅಷ್ಟ ಹುಡುಕಬ್ಯಾಡ್ರಿ, ಕಂಪನಿ ಹೆಸರ್ಲೆನೂ ಹುಡುಕ್ರಿ.

ಲೆಕ್ಕದಾಗ ಸುಳ್ಳ್ ಸಿಕ್ರ ಡಿಸಿ ಸಾಹೇಬ್ರಿಗೂ ಆಯೋಗಕ್ಕೂ ಸಾಕ್ಷಿ ಸಮೇತ ಬರೀರಿ. ಟೈಮಿಗೆ, ಸರಿಯಾದ ರೀತಿಲೆ ಲೆಕ್ಕ ಕೊಡದವ್ರನ್ನ ಆಯೋಗ ಮೂರ್ ವರ್ಷ ಅನರ್ಹ ಮಾಡಬಹುದು. ಮಿತಿ ದಾಟ್ಯಾರ ಅಂತ ಗೆದ್ದವ್ರ ಸೀಟ್ ಕಸ್ಕೋಬೇಕಂದ್ರ ಹೈಕೋರ್ಟ್‌ನ್ಯಾಗ ಎಲೆಕ್ಷನ್ ಪಿಟಿಷನ್ ಹಾಕಬೇಕು, ಆ ಕ್ಷೇತ್ರದ ಮತದಾರರೂ ಹಾಕಬಹುದು, ಆದ್ರ ಅದಕ್ಕ ರಿಜಲ್ಟ್‌ನಿಂದ 45 ದಿನ ಅಷ್ಟ ಟೈಮು. ಅವ್ರು ಲೆಕ್ಕ ಕೊಡೂದ 30ನೇ ದಿನಕ್ಕ, ನಿಮಗ ಉಳಿಯೂದು 15 ದಿನ, ಅದರಾಗ ನೋಟಿಸ್ ಬೋರ್ಡಿಗೆ ಹಚ್ಚಾಕ ಎರಡ್ ದಿನ ಹೋತು. ಅದಕ್ಕ ರಿಜಲ್ಟ್ ಬಂದ್ ದಿನಾನ ನಿಯಮ 88ರ ಅರ್ಜಿ ಬರದ್ ಇಟ್ಕೊಂಡು, 28ನೇ ದಿನದಿಂದ ನವನಗರಕ್ಕ ಒಂದ್ ಚಕ್ಕರ್ ಹೊಡಿಯಾಕ ಶುರು ಮಾಡ್ರಿ.