ಒಂದನೇ ತರಗತಿಯ ಮೊದಲ ದಿನಗಳು: ಮಗುವಿನ ಮನಸ್ಸಿಗೆ ಆಸರೆಯಾಗುವುದು ಹೇಗೆ?

ಕರಾವಳಿಯಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಜೂನ್ ಮೊದಲ ವಾರ ಉಡುಪಿಯ ಆಸುಪಾಸಿನ ಪ್ರಾಥಮಿಕ ಶಾಲೆಗಳಲ್ಲಿ, ನೀರು ತೊಟ್ಟಿಕ್ಕುವ ಕೊಡೆಯನ್ನು ಎದೆಗವಚಿಕೊಂಡು ಜಗಲಿಯ ಕಂಬಕ್ಕೆ ಅಂಟಿ ನಿಂತ, ಒಳಗೆ ಬರಲೊಪ್ಪದ ಒಂದು ಮಗುವಾದರೂ ಕಣ್ಣಿಗೆ ಬೀಳುತ್ತದೆ. ಅದನ್ನು ಎತ್ತಿ ತಂದು ಕೂರಿಸುವುದು ಸುಲಭ. ಆದರೆ ಹೆದರಿದ ಮಗುವಿಗೆ ಪಾಠ ಹತ್ತುವುದಿಲ್ಲ.

ಶಿಕ್ಷಕರಾದ ನೀವು ಮೊದಲು ಮಗುವಿನ ಮನೆಮಾತಿನಿಂದ ಆರಂಭಿಸಿ. ಇಲ್ಲಿನ ಅನೇಕ ಮಕ್ಕಳ ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಇರುತ್ತದೆ. ಶಾಲೆಯ ಕನ್ನಡ ಅವರಿಗೆ ಹೊಸದು. ನಿಂತುಕೊಂಡೇ ‘ಯಾಕೆ ಅಳುತ್ತಿದ್ದೀಯ?’ ಎಂದು ಕೇಳಿದರೆ ಅಳು ಹೆಚ್ಚಾಗಬಹುದು. ಮಗುವಿನ ಎತ್ತರಕ್ಕೆ ಕುಳಿತು ತುಳುವಿನಲ್ಲಿ ‘ಪೋಡಿಗೆ ಆಪುಂಡಾ?’ (ಹೆದರಿಕೆ ಆಗುತ್ತದಾ?) ಎಂದು ಮೆಲ್ಲಗೆ ಕೇಳಿದರೆ, ಮಾತು ಬಾರದಿದ್ದರೂ ತಲೆಯಾಡಿಸಲು ಅದಕ್ಕೆ ಸಾಧ್ಯವಾಗುತ್ತದೆ. ಸಮಾಧಾನವಾದ ಮೇಲೆ ‘ಹೆದರಿಕೆ’ ಎಂಬ ಕನ್ನಡ ಪದವನ್ನೂ ಜೊತೆಗೆ ಹೇಳಿಕೊಡಿ. ತನಗೆ ಆಗುತ್ತಿರುವುದಕ್ಕೆ ಒಂದು ಹೆಸರಿದೆ ಎಂದು ತಿಳಿದ ಮಗು, ಮುಂದಿನ ಸಲ ಅಳುವ ಅಥವಾ ಹೊಡೆಯುವ ಬದಲು ಹೇಳಲು ಕಲಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮನೆಮಾತಿಗೆ ಒತ್ತು ನೀಡಿರುವುದನ್ನು ಪಾಠಕ್ಕಷ್ಟೇ ಅಲ್ಲ, ಸಾಂತ್ವನಕ್ಕೂ ಅನ್ವಯಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಆಮೇಲೆ ದಿನದ ಕ್ರಮವನ್ನು ಚಿತ್ರಗಳಲ್ಲಿ ಬರೆದು ಗೋಡೆಗೆ ಅಂಟಿಸಿ: ಪ್ರಾರ್ಥನೆ, ಹಾಲು, ಆಟ, ಬಿಸಿಯೂಟ, ಮನೆ. ‘ಊಟವಾದ ಮೇಲೆ ಇಷ್ಟು ಹೊತ್ತಿಗೆ ಅಮ್ಮ ಬರುತ್ತಾರೆ’ ಎಂದು ಬೆರಳಿಟ್ಟು ತೋರಿಸಬಹುದು. ಭಾರೀ ಮಳೆಗೆ ರಜೆ ಸಿಕ್ಕಿ ಎರಡು ಮೂರು ದಿನ ಮನೆಯಲ್ಲೇ ಉಳಿದ ಮಗು, ಮರಳಿ ಬಂದಾಗ ಮತ್ತೆ ಅಳುವುದು ಸಹಜ. ಅದನ್ನು ಹಠವೆಂದು ಭಾವಿಸದೆ, ಮೊದಲ ದಿನದಂತೆಯೇ ಬರಮಾಡಿಕೊಳ್ಳಿ.

ಅಂಗಳಕ್ಕೆ ಇಳಿಯಲಾಗದ ದಿನಗಳಲ್ಲಿ ಜಗಳಗಳೂ ಹೆಚ್ಚು. ಆಗ ಬಲವಂತವಾಗಿ ‘ಸಾರಿ’ ಹೇಳಿಸುವ ಬದಲು, ಇಬ್ಬರೂ ನಡೆದದ್ದನ್ನು ಹೇಳಿ ಮುಗಿಸುವವರೆಗೆ ಕೇಳಿಸಿಕೊಳ್ಳಿ. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕಲಿಯುವ ನಲಿಕಲಿ ತರಗತಿಯಲ್ಲಿ ದೊಡ್ಡ ಮಕ್ಕಳೂ ಜೊತೆಗಿರುವುದರಿಂದ, ಮೂರನೇ ತರಗತಿಯ ಒಂದು ಮಗುವನ್ನು ಹೊಸಬರಿಗೆ ಜೊತೆಗಾರನನ್ನಾಗಿ ಮಾಡಬಹುದು. ಎಲ್ಲರೆದುರು ಹೀಯಾಳಿಸುವುದು ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಅಳುವ ಮಗು ಎಲ್ಲರ ಗಮನಕ್ಕೆ ಬರುತ್ತದೆ, ಸುಮ್ಮನಿರುವ ಮಗು ಬರುವುದಿಲ್ಲ. ವಾರಗಟ್ಟಲೆ ಯಾರೊಡನೆಯೂ ಮಾತನಾಡದ, ತಟ್ಟೆಯಲ್ಲಿ ಅನ್ನ ಹಾಗೆಯೇ ಬಿಡುವ, ದಿನವೂ ಬೆಳಿಗ್ಗೆ ಹೊಟ್ಟೆನೋವು ಎನ್ನುವ ಮಕ್ಕಳ ಬಗ್ಗೆ ದಿನಾಂಕ ಸಹಿತ ಬರೆದಿಟ್ಟು, ಹೆತ್ತವರನ್ನು ಪ್ರತ್ಯೇಕವಾಗಿ ಕರೆದು ಮಾತನಾಡಿ. ಅಗತ್ಯವಿದ್ದರೆ ವೈದ್ಯರನ್ನು ಕಾಣಲು ತಿಳಿಸಿ. ಮಾನಸಿಕ ಆರೋಗ್ಯಕ್ಕೆಂದಿರುವ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ರಲ್ಲೂ ಸಲಹೆ ಉಚಿತವಾಗಿ ದೊರೆಯುತ್ತದೆ. ದೌರ್ಜನ್ಯದ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಡಮಾಡದೆ ಕರೆ ಮಾಡಿ, ಮತ್ತು ಆ ಮಗುವಿನ ವಿಷಯ ಸ್ಟಾಫ್ ರೂಮಿನ ಮಾತಾಗದಂತೆ ನೋಡಿಕೊಳ್ಳಿ.