‘ಹಾಕ್ರಿ’ ಅಂದ ಮೇಲೂ ಸಹಿ ಕೇಳಿದೆ

ನಮ್ಮ ಕಲಬುರಗಿ ಕಡೆ ಎಷ್ಟೋ ಲೇಖಕರು ಕೈಯಿಂದ ದುಡ್ಡು ಹಾಕಿ ಪುಸ್ತಕ ಅಚ್ಚು ಮಾಡಿಸುತ್ತಾರೆ. ಬಿಡುಗಡೆಯ ದಿನ ಒಂದಷ್ಟು ಹಂಚಿಹೋಗುತ್ತವೆ, ಉಳಿದವು ಮನೆಯಲ್ಲೇ ಗಂಟು ಕಟ್ಟಿದಂತೆ ಇರುತ್ತವೆ. ಬೀದರ್, ಯಾದಗಿರಿಯವರನ್ನೂ ಸೇರಿಸಿ ಇಂಥ ಪುಸ್ತಕಗಳ ಒಂದು ಪಟ್ಟಿ ಮಾಡೋಣ ಎಂದು ಗೆಳೆಯರು ಹೊರಟಾಗ, ಒಪ್ಪಿಗೆ ಪಡೆಯುವ ಕೆಲಸ ನಾನು ವಹಿಸಿಕೊಂಡೆ.

ಪುಸ್ತಕದ ಹೆಸರು, ಲೇಖಕರ ಹೆಸರು, ಬೆಲೆ ಇವೆಲ್ಲ ಬರೀ ಮಾಹಿತಿ. ಇವಕ್ಕೆ ಕಾಪಿರೈಟ್ ಇಲ್ಲ. ಆದರೆ ನಮಗೆ ಮುಖಪುಟ ಬೇಕಿತ್ತು, ಒಳಗಿನ ಒಂದೆರಡು ಪುಟ ಬೇಕಿತ್ತು, ಪುಸ್ತಕ ಬೇಕಾದವರು ಕರೆ ಮಾಡಲು ಫೋನ್ ನಂಬರೂ ಬೇಕಿತ್ತು. ಹಾಗಾಗಿ ಒಂದೇ ಹಾಳೆಯಲ್ಲಿ ಇವನ್ನು ಬೇರೆ ಬೇರೆ ಸಾಲಾಗಿ ಬರೆದು, ಪ್ರತಿ ಸಾಲಿನ ಮುಂದೆ ‘ಹೌದು’, ‘ಬೇಡ’ ಎಂದು ಇಟ್ಟೆ.

“ನಾಲ್ಕ್ ಮಂದಿ ಓದ್ಲಿ ಅಂತನ ಬರ್ದೀನಿ, ಕೇಳೋದೇನದ? ಹಾಕ್ರಿ” ಅಂದರು ಒಬ್ಬ ಹಿರಿಯರು.

“ಫೋನ್ ನಂಬರೂ ಹಾಕ್ಲೇನ್ರಿ ಸರ್?”

“ಅದು ಬ್ಯಾಡ್ರಿ.”

ಬಿಡಿಬಿಡಿಯಾಗಿ ಕೇಳುವುದು ಇದಕ್ಕೇ. ಲೇಖಕಿಯರಲ್ಲಿ ಕೆಲವರು ತಮ್ಮ ನಂಬರೂ ಬೇಡ, ಮನೆ ವಿಳಾಸವೂ ಬೇಡ ಅಂದರು. ಅಲ್ಲಿ ಪ್ರಕಾಶಕರ ನಂಬರು ಕೊಟ್ಟೆವು. ಮುಖಪುಟದ ಚಿತ್ರದ ಹಕ್ಕು ಕಲಾವಿದರ ಬಳಿಯೇ ಇರಬಹುದು, ಅದನ್ನೂ ವಿಚಾರಿಸಬೇಕು. ಪ್ರಕಾಶಕರಿಗೆ ಹಕ್ಕು ಬರೆದುಕೊಟ್ಟವರು ಆ ಪತ್ರವನ್ನು ಮತ್ತೊಮ್ಮೆ ತೆಗೆದು ನೋಡಲಿ. ಅದರಲ್ಲಿ ಅವಧಿ ಹೇಳದಿದ್ದರೆ, 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಅದು 5 ವರ್ಷ ಅಂತಲೇ ಲೆಕ್ಕ.

ತೀರಿಹೋದವರ ಪುಸ್ತಕಗಳಿಗೇ ಜಾಸ್ತಿ ಓಡಾಟ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ, ಅದು ವಾರಸುದಾರರಿಗೆ ಸೇರುತ್ತದೆ. ಒಂದು ಮನೆಯಲ್ಲಿ ಮಗ ತಕ್ಷಣ ಒಪ್ಪಿದರು. ಸೊಲ್ಲಾಪುರಕ್ಕೆ ಕೊಟ್ಟ ಅಕ್ಕನಿಗೂ ಕೇಳಬೇಕಲ್ಲ ಅಂತ ನಾನೇ ಫೋನ್ ಮಾಡಿದೆ. “ಅಪ್ಪಾರ ಪುಸ್ತಕದ ಮಾತು ನನಗೂ ಕೇಳಿದ್ರಲ್ಲ” ಎಂದು ಅವರು ಬಹಳ ಖುಷಿಪಟ್ಟರು. ತಮ್ಮನಿಗೆ ಗೊತ್ತೇ ಇರದ ಇನ್ನೊಂದು ಪುಸ್ತಕದ ಹೆಸರನ್ನೂ ಹೇಳಿದರು. ಕೇಳದಿದ್ದರೆ ಆ ಪುಸ್ತಕ ಪಟ್ಟಿಯಿಂದ ಹೊರಗೇ ಉಳಿಯುತ್ತಿತ್ತು, ಅಲ್ವಾ?

ಹಳೆಯದೆಲ್ಲ ಮುಕ್ತ ಅಂತಲೂ ಅಂದುಕೊಳ್ಳಬೇಡಿ. ಎಷ್ಟೋ ಹಿಂದಿನ ಅನುಭಾವಿ ಕವಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಎಲ್ಲರವು. ಆದರೆ ಈಗಿನವರು ಸಂಪಾದಿಸಿದ ಪುಸ್ತಕದ ಮುನ್ನುಡಿ, ಟಿಪ್ಪಣಿ ಅವರವು. ಅವರನ್ನು ಕೇಳಲೇಬೇಕು.

ದೂರದವರಿಗೆ ಹಾಳೆಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ, ಸಹಿ ಮಾಡಿದ್ದನ್ನು ತರಿಸಿಕೊಂಡೆ. ಅಚ್ಚಿಗೆ ಹೋಗುವ ಮೊದಲು ಅವರವರ ಪುಟವನ್ನು ಅವರಿಗೇ ತೋರಿಸಿದೆವು. ಉತ್ತರ ಬಾರದೇ ಇರುವುದನ್ನು ನಾನು ಒಪ್ಪಿಗೆ ಎಂದು ಹಿಡಿಯಲಿಲ್ಲ. ಅಂಥವರದು ಪಟ್ಟಿಯಲ್ಲಿ ಪುಸ್ತಕದ ಹೆಸರು, ಲೇಖಕರ ಹೆಸರು, ಬೆಲೆ ಇಷ್ಟೇ ಇದೆ.